ಬಲಗಣ್ಣಿಗೆ ಆರು, ಎಡಗಣ್ಣಿಗೆ ಮೂರೂವರೆ

ಈಜುಕೊಳದಲ್ಲಿ ಅವಳಿಗೆ ಪೀಪಿ ಮಿಸ್ ಎಂದೇ ಹೆಸರು. ಕೊರಳಲ್ಲಿ ಒಂದು ದಾರಕ್ಕೆ ಕಿತ್ತಳೆ ಬಣ್ಣದ ಪೀಪಿ, ಇನ್ನೊಂದು ದಾರಕ್ಕೆ ದಪ್ಪ ಗಾಜಿನ ಕನ್ನಡಕ. ಎರಡೂ ದಾರ ದಿನಕ್ಕೆ ನಾಲ್ಕು ಸಲ ಒಂದಕ್ಕೊಂದು ಸುತ್ತಿಕೊಳ್ಳುತ್ತಿದ್ದವು. ಬಿಡಿಸಿಕೊಳ್ಳುತ್ತಲೇ ಅವಳು, "ಏಯ್, ಅಂಚಲ್ಲಿ ಓಡಬೇಡ! ಜಾರಿ ಬಿದ್ರೆ ನಿಮ್ಮಮ್ಮ ನನ್ನ ಜೀವ ತೆಗೀತಾಳೆ" ಎಂದು ಯಾವುದಾದರೊಂದು ಮಗುವನ್ನು ಗದರುತ್ತಿದ್ದಳು.

ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಬೆಳಗ್ಗೆ ಹೆಂಗಸರ ತಂಡ, ಸಂಜೆ ಮಕ್ಕಳ ತಂಡ. ನೀರು ಕಂಡರೆ ಊರು ಒಂದಾಗುವ ಹಾಗೆ ಕಿರುಚುತ್ತಿದ್ದ ಮಕ್ಕಳೂ ಅವಳ ಕೈಗೆ ಸಿಕ್ಕ ಮೂರನೇ ವಾರಕ್ಕೆ ಕಪ್ಪೆಗಳಾಗುತ್ತಿದ್ದರು. ಐವತ್ತು ದಾಟಿದ ಹೆಂಗಸರು "ನಾವಿಳಿದ್ರೆ ಕೊಳದ ನೀರೆಲ್ಲ ರಸ್ತೆಗೆ ಬರುತ್ತೆ ಮಿಸ್" ಎಂದು ನಾಚಿಕೊಂಡು ಬಂದವರು, ವರ್ಷ ಕಳೆಯುವಷ್ಟರಲ್ಲಿ ಬೆನ್ನ ಮೇಲೆ ತೇಲುತ್ತ ಸೊಸೆಯಂದಿರ ವಿಚಾರ ಮಾತಾಡಿಕೊಳ್ಳುವಷ್ಟು ಪಳಗುತ್ತಿದ್ದರು.

ಆಗ ಅವಳಿಗೆ ನಲವತ್ತೊಂದು. ಐದನೇ ತರಗತಿಯಿಂದ ಕನ್ನಡಕ. ಕೆಲಸಕ್ಕೆ ಸೇರುವಾಗ ಪವರ್ ಅಷ್ಟೇನೂ ಇರಲಿಲ್ಲ. ಆಮೇಲೆ ಹೇಳದೆ ಕೇಳದೆ ಏರುತ್ತ ಹೋಗಿ ಬಲಗಣ್ಣಿಗೆ ಮೈನಸ್ ಆರು, ಎಡಗಣ್ಣಿಗೆ ಮೂರೂವರೆಗೆ ಬಂದು ನಿಂತಿತ್ತು. ದಡದ ಮೇಲೆ ನಿಂತಾಗ ಏನೂ ತೊಂದರೆಯಿಲ್ಲ. ನೀರಿಗಿಳಿಯುವ ಮುನ್ನ ಮಾತ್ರ ಕನ್ನಡಕವನ್ನು ಒಂದು ಸೋಪಿನ ಡಬ್ಬಿಯೊಳಗಿಟ್ಟು ಏಣಿಯ ಪಕ್ಕಕ್ಕೆ ಸರಿಸುತ್ತಿದ್ದಳು. ಡಬ್ಬಿಯ ಮುಚ್ಚಳ ಬಿದ್ದೊಡನೆ ಲೋಕವೆಲ್ಲ ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯಂತಾಗುತ್ತಿತ್ತು. ಮುಖಗಳು ಹೋಗಿ ಬಣ್ಣಗಳು ಉಳಿಯುತ್ತಿದ್ದವು.

ಅಷ್ಟರಲ್ಲೇ ಅವಳು ಕೆಲಸ ನಿಭಾಯಿಸುತ್ತಿದ್ದಳು. ಯಾರು ಎಲ್ಲಿದ್ದಾರೆ ಎನ್ನುವುದಕ್ಕೆ ಟೋಪಿಯ ಬಣ್ಣ, ಯಾರು ಸುಸ್ತಾಗಿದ್ದಾರೆ ಎನ್ನುವುದಕ್ಕೆ ಕಾಲು ಬಡಿಯುವ ಸದ್ದು, ಯಾರು ಅಳುವುದಕ್ಕೆ ತಯಾರಾಗಿದ್ದಾರೆ ಎನ್ನುವುದಕ್ಕೆ ಮೂಗೆಳೆಯುವ ರೀತಿ. ಅವಳ ಕಿವಿ ಹಾವಿನ ಕಿವಿ ಎಂದು ಹೆಂಗಸರು ಹೊಗಳುತ್ತಿದ್ದರು. ಹೊಗಳಿಕೆ ಕೇಳಿ ಕೇಳಿ ಅವಳಿಗೂ ಅದೇ ಸಾಕು ಅನ್ನಿಸಿಬಿಟ್ಟಿತ್ತು.

ವರ್ಷಕ್ಕೊಮ್ಮೆ ಕಲಿಸುವವರಿಗೂ ಪರೀಕ್ಷೆ ಇರುತ್ತಿತ್ತು. ಎರಡಾಳು ಆಳವಿರುವ ಕಡೆ, ಅಂಗೈಯಗಲದ ಐದು ರಬ್ಬರ್ ಬಿಲ್ಲೆಗಳನ್ನು ತಳಕ್ಕೆ ಎಸೆಯುತ್ತಿದ್ದರು. ಪ್ರತಿಯೊಂದರ ಮೇಲೂ ಒಂದು ಅಂಕಿ. ಕೂಗಿದ ಅಂಕಿಯ ಬಿಲ್ಲೆಯನ್ನು ಇಪ್ಪತ್ತು ಎಣಿಸುವಷ್ಟರಲ್ಲಿ ಮುಳುಗಿ ತರಬೇಕು. ಹಿಂದಿನ ವರ್ಷ ಅವಳು ಐದನ್ನೂ ಒಟ್ಟಿಗೆ ಬಾಚಿಕೊಂಡು ಮೇಲೆ ಬಂದು, "ತಗೊಳ್ಳಿ ಸಾರ್, ಯಾವುದು ಬೇಕೋ ಆರಿಸ್ಕೊಳ್ಳಿ" ಎಂದಿದ್ದಳು. ಹಳೆಯ ಮೇಲ್ವಿಚಾರಕರು ಹೊಟ್ಟೆ ಹಿಡಿದುಕೊಂಡು ನಕ್ಕು ಸಹಿ ಹಾಕಿದ್ದರು. ಅಂಕಿ ಕಾಣದ್ದಕ್ಕೆ ಐದನ್ನೂ ತಂದಳೆಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಈ ವರ್ಷ ಆ ಮೇಲ್ವಿಚಾರಕರು ನಿವೃತ್ತರಾಗಿ ಹೊಸಬರು ಬಂದಿದ್ದರು. ಸ್ನಾನಕ್ಕೆ ಹೋದರೂ ಬರೆಯುವ ಪ್ಯಾಡ್ ಬಿಡದ ಮನುಷ್ಯ. ಬಂದ ವಾರಕ್ಕೇ ಪ್ಯಾಡ್ ಸಾಹೇಬರಾದರು. ಬಂದವರೇ ಹೊಸ ನಿಯಮ ಬರೆದು ಗೋಡೆಗೆ ಅಂಟಿಸಿದರು. ಎಂಟು ವರ್ಷದೊಳಗಿನ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಕಲಿಸುವವರು ನೀರಿನಲ್ಲೇ ಇರಬೇಕು, ದಡದಿಂದ ಕೂಗಿ ಕಲಿಸುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಅದರ ದೆಸೆಯಿಂದ ಪೀಪಿ ಮಿಸ್‌ಳ ಕನ್ನಡಕ ಸಂಜೆಯೆಲ್ಲ ಸೋಪಿನ ಡಬ್ಬಿಯಲ್ಲೇ ಉಳಿಯುವಂತಾಯಿತು.

ಆ ತಂಡದಲ್ಲಿ ಏಳು ಮಕ್ಕಳು. ಹಳದಿ ಟೋಪಿಯವಳು ಸೇರಿ ಎರಡು ತಿಂಗಳಾಗಿತ್ತು, ಬಾತುಕೋಳಿಯ ಹಾಗೆ ಮುಳುಗಿ ಏಳುತ್ತಿದ್ದಳು. ಹಸಿರು ಟೋಪಿಯವಳು ಬಂದು ಎಂಟೇ ದಿನ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಕಂಬಿ ಬಿಡು ಎಂದರೆ ಬಿಡುತ್ತಿರಲಿಲ್ಲ. ಒಂದು ಸಂಜೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಇಬ್ಬರೂ ಗೆಳತಿಯರಾದರು. ಗೆಳೆತನದ ಗುರುತಿಗೆ ಟೋಪಿ ಅದಲುಬದಲು ಮಾಡಿಕೊಂಡರು.

ಪೀಪಿ ಮಿಸ್ ಹಸಿರು ಟೋಪಿಯನ್ನು ಹೊಟ್ಟೆಯಡಿ ಕೈಕೊಟ್ಟು ತೇಲಿಸಿಕೊಂಡು, "ಅರೆ, ಒಂದೇ ವಾರಕ್ಕೆ ಹೂವಿನ ಹಾಗೆ ಹಗುರ ಆಗಿಬಿಟ್ಯಲ್ಲೇ" ಎಂದು ಮೆಚ್ಚಿದಳು. ಆಮೇಲೆ ಕಂಬಿಯ ಕಡೆ ತಿರುಗಿ, "ಹಳದೀ, ಕಂಬಿ ಬಿಟ್ಟು ನನ್ನ ಹತ್ರ ಬಾ" ಎಂದಳು. ಹಳದಿ ಟೋಪಿ ಸ್ವಲ್ಪ ತಡೆಯಿತು. "ಬಾರೇ, ಇವತ್ತೇನು ನಿಂಗೆ ನಖರಾ?" ಹಳದಿ ಟೋಪಿ ಕಂಬಿ ಬಿಟ್ಟಿತು, ಎರಡು ಮಾರು ದೂರದಲ್ಲಿ ಮುಳುಗಿತು. ಹಳದಿಯವಳು ಯಾವಾಗಲೂ ಮುಳುಗಿಯೇ ಬರುವುದಲ್ಲವೆ? ಅವಳು ಕಾದಳು. ಒಂದು, ಎರಡು, ಮೂರು, ನಾಲ್ಕು. ದಡದಾಚೆ ನೋಡುವವರು ಕೂರುವ ಮೆಟ್ಟಿಲುಗಳ ಮೇಲಿದ್ದ ಒಬ್ಬ ಅಜ್ಜಿ "ಅಯ್ಯೋ ಮಗೂ!" ಎಂದು ಕೂಗಿದಾಗ ಕೈ ಚಾಚಿ ಎತ್ತಿದಳು. ಮೇಲೆ ಬಂದ ಬಾಯಲ್ಲಿ ಮುಂದಿನ ಎರಡು ಹಲ್ಲಿರಲಿಲ್ಲ.

ಮಗು ಕೆಮ್ಮಿತು, ನೀರು ಕಾರಿತು, ಅತ್ತಿತು. ಹತ್ತು ನಿಮಿಷಕ್ಕೆ ಟವೆಲ್ ಸುತ್ತಿಕೊಂಡು ಬಿಸ್ಕತ್ತನ್ನೂ ತಿಂದಿತು. ಕೆಟ್ಟದ್ದೇನೂ ಆಗಲಿಲ್ಲ. ಪ್ಯಾಡ್ ಸಾಹೇಬರು ಬಂದು ವಿಚಾರಿಸಿ, 'ಮಕ್ಕಳು ಟೋಪಿ ಬದಲಿಸಿಕೊಂಡಿದ್ದರಿಂದ ಗೊಂದಲ' ಎಂದು ಬರೆದುಕೊಂಡು ಹೋದರು. ಮಗುವಿನ ತಾಯಿ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಅಂಗಡಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಥೆ ಕೇಳಿ ಮಗಳ ಕಿವಿ ಹಿಂಡಿದಳು. "ನಮ್ಮವಳದೇ ತುಂಟಾಟ ಮಿಸ್, ಬೇಜಾರು ಮಾಡ್ಕೋಬೇಡಿ. ನೀವಿದ್ರಲ್ಲ, ಬದುಕ್ತು."

ಮಗು ಬಿಕ್ಕುತ್ತ ಕಿವಿ ಹಿಡಿದುಕೊಂಡು ನಿಂತಿತ್ತು. ಪೀಪಿ ಮಿಸ್ ಕನ್ನಡಕ ಹಾಕಿಕೊಂಡಿದ್ದಳು. ಕೆಂಪಾದ ಕಿವಿ ಸ್ಪಷ್ಟವಾಗಿ ಕಂಡಿತು. ಕೊರಳಿನ ಎರಡು ದಾರಗಳ ಸಿಕ್ಕು ಬಿಡಿಸುತ್ತ ನಿಂತಳು. ತಾಯಿ ಮಗಳು ಹೊರಟುಹೋದರು.

ಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತವಳು ತುತ್ತು ಎತ್ತಲಿಲ್ಲ. ಗಂಡ ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು, ಮಾತು ಕಡಮೆ. ಅತ್ತೆ ಆ ಕೊರತೆಯನ್ನು ತುಂಬಿಕೊಡುತ್ತಿದ್ದವರು.

"ಏನಾಯ್ತೇ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ಲಿಲ್ಲ ಅತ್ತೆ. ಅದೇ ಕಷ್ಟ." ಎಲ್ಲ ಹೇಳಿದಳು.

ಅತ್ತೆ ಸಾರಿನ ಸೌಟು ಕೆಳಗಿಟ್ಟರು. "ಕಾಣ್ದಿದ್ರೆ ಕಾಣಲ್ಲ ಅನ್ಬೇಕು ಕಣಮ್ಮ. ನಾನೂ ಪೊರೆ ತೆಗೆಸೋ ಮುಂಚೆ ಎರಡು ವರ್ಷ ಬಾಗಿಲಿಗೆ ಬಂದೋರಿಗೆಲ್ಲ 'ಓ ನೀನಾ, ಬಾ ಬಾ' ಅಂತಿದ್ದೆ. ಕೊನೆಗೆ ಮೀಟರ್ ನೋಡೋಕೆ ಬಂದವನನ್ನ ನನ್ನ ತಮ್ಮ ಅಂತ ಕೂರಿಸಿ, ಊಟ ಹಾಕಿ, 'ಹೆಂಡ್ತಿ ಜೊತೆ ಜಗಳ ಆಡ್ಬೇಡ ಕಣೋ' ಅಂತ ಬುದ್ಧಿ ಹೇಳಿ ಕಳಿಸ್ಲಿಲ್ವಾ?"

"ಅವನು ಆಮೇಲೆ ಪ್ರತಿ ತಿಂಗಳೂ ಊಟದ ಹೊತ್ತಿಗೇ ಬರ್ತಿದ್ದ" ಎಂದ ಗಂಡ. ಆಮೇಲೆ ತಟ್ಟೆ ನೋಡುತ್ತಲೇ, "ಈಜೋ ಗಾಗಲ್ಸಲ್ಲೇ ಪವರ್ ಹಾಕಿರೋದು ಸಿಗುತ್ತಂತೆ. ನಮ್ಮ ಓನರ್ ಮಗ ತಗೊಂಡಿದಾನೆ" ಎಂದ. ಅವನ ಪಾಲಿಗೆ ಅದು ಭಾಷಣ.

ಮರುದಿನ ಮಧ್ಯಾಹ್ನ ಅವಳು ಕನ್ನಡಕದಂಗಡಿಗೆ ಹೋದಳು. ಎರಡು ದೊಡ್ಡ ಅಂಗಡಿಗಳ ನಡುವೆ ಪುಸ್ತಕದ ಮಧ್ಯೆ ಇಟ್ಟ ಗರಿಯಂತಿದ್ದ ಅಂಗಡಿ. ಗೋಡೆತುಂಬ ಫ್ರೇಮು, ಮೂಲೆಯಲ್ಲಿ ಗಾಜು ಉಜ್ಜುವ ಯಂತ್ರ. ಅಂಗಡಿಯಾತ ಅವಳಿಗೆ ಕಾಲೇಜಿನ ದಿನದಿಂದ ಕನ್ನಡಕ ಕೂರಿಸಿಕೊಟ್ಟವನು. ಗಿರಾಕಿಗಳ ಹೆಸರು ನೆನಪಿಟ್ಟುಕೊಳ್ಳದೆ ನಂಬರಿನಲ್ಲೇ ಗುರುತಿಸುವ ಮುದುಕ.

"ಬನ್ನಿ ಆರು–ಮೂರೂವರೆ! ಮತ್ತೆ ಏರಿತಾ?"

"ಏರಿಲ್ಲ. ಈಜೋ ಗಾಗಲ್ಸ್ ಬೇಕು. ಪವರ್ ಇರೋದು."

"ನೀರೊಳಗೆ ನೋಡೋಕೇನಿದೆ ಮೇಡಂ? ನೀರೇ ತಾನೆ?"

"ಮಕ್ಕಳಿರ್ತಾರೆ."

ಮುದುಕ ನಗು ನಿಲ್ಲಿಸಿ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕುಳಿತ. ಅವಳು ತಂದಿದ್ದ ಕಣ್ಣಿನ ಡಾಕ್ಟರ ಚೀಟಿ ಬಿಡಿಸಿ ಓದಿ ವಿವರಿಸಿದ. ಇವು ಕನ್ನಡಕದ ಹಾಗೆ ಒಬ್ಬೊಬ್ಬರಿಗೆ ಉಜ್ಜಿ ಮಾಡುವಂಥವಲ್ಲ; ಅರ್ಧರ್ಧ ನಂಬರಿನ ಮೆಟ್ಟಿಲಿನಲ್ಲಿ ಸಿದ್ಧವಾಗಿಯೇ ಬರುತ್ತವೆ. ಅವಳ ಬಲಗಣ್ಣಿಗೆ ಆರರ ಜೊತೆ, ಒಂದು ದಿಕ್ಕಿನ ಮಸುಕನ್ನು ತಿದ್ದುವ ಮುಕ್ಕಾಲು ಸಿಲಿಂಡರ್ ಕೂಡ ಇದೆ, ಅದು ಇದರಲ್ಲಿ ಸಿಗುವುದಿಲ್ಲ. ಅದರ ಅರ್ಧವನ್ನು ನಂಬರಿಗೆ ಸೇರಿಸಿ, ಬಂದದ್ದಕ್ಕಿಂತ ಕೆಳಗಿನ ಮೆಟ್ಟಿಲು ಹಿಡಿಯಬೇಕು. "ಕೆಳಗಿಂದೇ ತಗೋಬೇಕು. ನೀರೊಳಗೆ ಎಲ್ಲ ಹತ್ರ ಬಂದು ದೊಡ್ಡದಾಗಿ ಕಾಣುತ್ತೆ. ಪವರ್ ಹೆಚ್ಚಾದ್ರೆ ಸುಮ್ನೆ ತಲೆನೋವು. ಆರು ಸಾಕು."

"ಎಡಕ್ಕೆ?"

"ಅಲ್ಲೇ ಇರೋದು ನೋಡಿ ತಕರಾರು. ಸಾಮಾನ್ಯವಾಗಿ ಎರಡೂ ಕಡೆ ಒಂದೇ ನಂಬರ್ ಬರೋದು. ಎಷ್ಟೋ ಜನ ನಡುವಿಂದು ತಗೊಂಡು ಹೋಗ್ತಾರೆ. ನಿಮಗೂ ಎರಡೂ ಕಡೆ ನಾಲ್ಕೂವರೆ ಕೊಡ್ಲಾ? ಇವತ್ತೇ ಇದೆ."

ಪರೀಕ್ಷೆಗೆ ಇನ್ನು ಒಂಬತ್ತು ದಿನವಿತ್ತು. ಇವತ್ತೇ ಸಿಗುವುದೆಂದರೆ ಆಸೆಯಾಯಿತು. ಹಾಕಿಕೊಂಡು ಬಾಗಿಲಿಗೆ ಬಂದು ರಸ್ತೆಯಾಚೆಯ ಫಲಕ ನೋಡಿದಳು. ಅಕ್ಷರ ಇದೆಯೆಂದು ತಿಳಿಯಿತು, ಯಾವ ಅಕ್ಷರವೆಂದು ತಿಳಿಯಲಿಲ್ಲ. ಬಲಗಣ್ಣು ಸಾಲದೆಂದಿತು, ಎಡಗಣ್ಣು ಜಾಸ್ತಿಯಾಯಿತೆಂದಿತು. ಒಂದು ಮನೆಯಲ್ಲಿ ಇಬ್ಬರು ಓರಗಿತ್ತಿಯರಿದ್ದ ಹಾಗೆ.

"ಬೇಡ. ಇದ್ರಲ್ಲಿ ಮಗು ಕಾಣುತ್ತೆ, ಯಾರ ಮಗು ಅಂತ ಕಾಣಲ್ಲ."

"ಹಾಗಾದ್ರೆ ಬಿಡಿಬಿಡಿಯಾಗಿ ಬರೋದು ತರಿಸ್ಬೇಕು. ಎಡಗಣ್ಣಿನ ಗಾಜಿನ ಬಟ್ಟಲು ಬೇರೆ, ಬಲದ ಬಟ್ಟಲು ಬೇರೆ, ಮೂಗಿನ ಪಟ್ಟಿ ಬೇರೆ. ಬಂದ ಮೇಲೆ ನಾನೇ ಜೋಡಿಸಿಕೊಡ್ತೀನಿ. ವಾರ ಆಗುತ್ತೆ."

ಅಳತೆಗೆಂದು ಪವರ್ ಇಲ್ಲದ ನಾಲ್ಕು ಬಗೆಯ ಗಾಗಲ್ಸ್ ಮೇಜಿನ ಮೇಲಿಟ್ಟ. ಪಟ್ಟಿಯನ್ನು ತಲೆಗೆ ಹಾಕದೆ ಬರೀ ಬಟ್ಟಲುಗಳನ್ನು ಕಣ್ಣಿಗೊತ್ತಿ ಕೈಬಿಡಬೇಕು. ಎರಡು ಮೂರು ಕ್ಷಣ ತಾನಾಗಿ ಅಂಟಿಕೊಂಡರೆ ಅದು ಆ ಮುಖದ್ದು. ಮೊದಲ ಮೂರೂ ಪಟಕ್ಕನೆ ಮಡಿಲಿಗೆ ಬಿದ್ದವು. ನಾಲ್ಕನೆಯದು ಕಪ್ಪೆಚಿಪ್ಪಿನ ಹಾಗೆ ಕಚ್ಚಿಕೊಂಡಿತು. ಬಣ್ಣದ ಗಾಜು ಬಿಸಿಲಿನ ಕೊಳಕ್ಕೆ, ಸೂರಿನಡಿಯ ಕೊಳಕ್ಕೆ ಬಿಳಿಯದೇ ಸರಿ ಎಂದು ಬಿಳಿಯದನ್ನು ಹೇಳಿ ಬಂದಳು.

ಆ ವಾರ ಮಕ್ಕಳಿಗೆ, "ಇದು ಕಾಲು ಬಡಿಯೋ ವಾರ" ಎಂದು ಸಾರಿದಳು. ಸೊಂಟಮಟ್ಟದ ನೀರಿನಲ್ಲಿ, ಕನ್ನಡಕ ಹಾಕಿಕೊಂಡೇ ನಿಂತು ಏಳೂ ಮಕ್ಕಳನ್ನು ಕಂಬಿಗೆ ಸಾಲಾಗಿ ಹಿಡಿಸಿದಳು. ಮಕ್ಕಳು ಬಡಿದ ನೀರು ಗಾಜಿನ ಮೇಲೆಲ್ಲ ಚಿಮ್ಮಿ, ಒರೆಸಿ ಒರೆಸಿ ಸಾಕಾಯಿತು. ಹಲ್ಲುಬಿದ್ದವಳು ಬರುತ್ತಿದ್ದಳು, ಆದರೆ ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡುಬಿಡುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ಪೀಪಿ ಮಿಸ್‌ಗೆ ಆ ಕೆಂಪಾದ ಕಿವಿ ನೆನಪಾಗುತ್ತಿತ್ತು. ಪರೀಕ್ಷೆಯಲ್ಲಿ ಬಿಲ್ಲೆ ಸಿಗದಿದ್ದರೆ ನೀರಿನ ಕೆಲಸ ಹೋಗುತ್ತದೆ, ಟಿಕೆಟ್ ಕಿಟಕಿಯಲ್ಲಿ ಕೂರಿಸುತ್ತಾರೆ, ಅದು ಗೊತ್ತಿತ್ತು. ಕಾಣದೆಯೇ ಮತ್ತೆ ಹೇಗೋ ಪಾಸಾಗಿಬಿಟ್ಟರೆ? ಅದನ್ನು ನೆನೆದರೆ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಗಾಗಲ್ಸ್ ಬಂದದ್ದು ಪರೀಕ್ಷೆಯ ಹಿಂದಿನ ದಿನ. ಮುದುಕ ಎಂದಿನಂತೆ ಅವಳ ಎದುರಿಗೆ ಕುಳಿತು, ಒಮ್ಮೆ ಅವಳ ಮುಖ, ಒಮ್ಮೆ ಕೈ ನೋಡುತ್ತ ಬಟ್ಟಲುಗಳಿಗೆ ಮೂಗಿನ ಪಟ್ಟಿ ಸೇರಿಸಿ ಟಕ್ಕೆಂದು ಒತ್ತಿದ. ಡಬ್ಬಿಯೊಳಗಿಟ್ಟು ಮುಚ್ಚಿ, "ಒಳಗಡೆ ಬೆರಳು ತಾಗಿಸ್ಬೇಡಿ, ಮಂಜು ಕಟ್ಟದ ಹಾಗೆ ಲೇಪ ಇದೆ. ನೀರಿಗಿಳಿಯೋವಾಗ್ಲೇ ತೆಗೀರಿ" ಎಂದ. ಅವಳು ಹೇಳಿದ ಮಾತು ಕೇಳುವ ಹೆಂಗಸು; ಅಂಗಡಿಯಲ್ಲಿ ಹಾಕಿ ನೋಡಲಿಲ್ಲ.

ಮನೆಯ ಬಚ್ಚಲಲ್ಲಿ ದೊಡ್ಡ ಬಕೆಟ್ಟು ತುಂಬಿಸಿದಳು. ಅತ್ತೆ ತಾವೇ ಪರೀಕ್ಷಕರಾಗಿ ಮೂರು ಚಮಚ, ಒಂದು ಬಾಚಣಿಗೆ ನೀರಿಗೆ ಹಾಕಿದರು. ಅವಳು ಮುಖ ಮುಳುಗಿಸಿದಳು.

"ಏನೇನಿದೆ ಹೇಳು."

"ಮೂರು ಚಮಚ. ಒಂದು ಬಾಚಣಿಗೆ. ಬಾಚಣಿಗೆಯಲ್ಲಿ ನಿಮ್ಮ ಕೂದಲು."

"ಕೂದಲೂ ಕಂಡ್ತಾ? ಹಾಗಿದ್ರೆ ಪಾಸು!"

ಆದರೆ ಎದ್ದು ನಿಂತಾಗ ಬಚ್ಚಲಿನ ಗೋಡೆ ಒಂದು ಕಡೆ ವಾಲಿ ಬಂತು, ತಲೆ ಗಿರ್ರೆಂದಿತು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕನ್ನಡಕದವರಿಗೆ ಇದೆಲ್ಲ ಬಾಲ್ಯದಿಂದ ಗೊತ್ತಿರುವ ಸಂಗತಿ. ಹೊಸ ನಂಬರು ಬಂದರೆ ಎರಡು ದಿನ ನೆಲ ಏರುತ್ತದೆ, ಮೆಟ್ಟಿಲು ಇಳಿಯುತ್ತದೆ, ಮೂರನೇ ದಿನ ಎಲ್ಲ ಸ್ವಸ್ಥಾನಕ್ಕೆ ಬರುತ್ತದೆ. ಹುಟ್ಟಾ ಕಣ್ಣು ಚೆನ್ನಾಗಿರುವವರು ಯಾರಾದರೂ ಆ ಗಳಿಗೆಯಲ್ಲೇ ಅಂಗಡಿಗೆ ಓಡಿ ಹೋಗಿ ಜಗಳ ತೆಗೆಯುತ್ತಿದ್ದರು. ಅವಳು, "ಅಭ್ಯಾಸ ಆಗುತ್ತೆ ಬಿಡಿ" ಎಂದು ಅದನ್ನು ಡಬ್ಬಿಗೆ ಹಾಕಿದಳು.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಪ್ಯಾಡ್ ಸಾಹೇಬರು ಆಳದ ಕಡೆಯ ಅಂಚಿನಲ್ಲಿ ನಿಂತು ಐದು ಬಿಲ್ಲೆಗಳನ್ನು ದೂರದೂರಕ್ಕೆ ಎಸೆದರು.

"ಮೂರು ಅವಕಾಶ ಮೇಡಂ. ಹೋದ ವರ್ಷ ಐದನ್ನೂ ತಂದ್ರಂತೆ, ಕೇಳ್ಪಟ್ಟೆ. ಈ ಸಲ ಕರೆದದ್ದು ಒಂದೇ. ಏಳು!"

ಅವಳು ಧುಮುಕಿದಳು. ನೀರಿನೊಳಗೆ ಕಣ್ಣು ಬಿಟ್ಟರೆ ತಳದ ಟೈಲುಗಳು ಎರಡೆರಡಾಗಿ ಒಂದರ ಮೇಲೊಂದು ಹತ್ತಿಕೊಂಡು ಕುಣಿಯುತ್ತಿದ್ದವು. ಬಿಲ್ಲೆಗಳು ಐದೋ ಒಂಬತ್ತೋ ತಿಳಿಯದು. ಹತ್ತಿರದ್ದರ ಮೇಲೆ ಒಂದು ನೆಟ್ಟನೆಯ ಗೀಟು, ಮೇಲೆ ಏನೋ ಅಡ್ಡಗೀಟಿನಂಥದ್ದು. ಹಿಡಿದು ಮೇಲೆ ಬಂದಳು.

"ಒಂದು," ಎಂದರು ಸಾಹೇಬರು. ಬರೆದುಕೊಂಡರು. ಬಿಲ್ಲೆಯನ್ನು ಮತ್ತೆ ಎಸೆದರು.

ಎರಡನೆಯ ಸಲ ಅವಳು ಬಿಲ್ಲೆ ಹುಡುಕಲಿಲ್ಲ. ತಳಕ್ಕೆ ಹೋಗುವ ದಾರಿಯಲ್ಲಿ ಎಡಗಣ್ಣು ಮುಚ್ಚಿದಳು: ಬಲಗಣ್ಣಿಗೆ ಮಾರುದೂರದಾಚೆ ಎಲ್ಲ ಮಂಜು. ಬಲಗಣ್ಣು ಮುಚ್ಚಿದಳು: ಎಡಗಣ್ಣಿಗೆ ತಳದ ಟೈಲುಗಳು ಕಂಡವು, ಆದರೆ ಕಿರಿದಾಗಿ, ದೂರಕ್ಕೆ ಸರಿದು, ಕಣ್ಣೊಳಗೆ ಯಾರೋ ಎಳೆದಂತೆ ನೋವು. ವಸ್ತುಗಳನ್ನು ಹಾಗೆ ಕಿರಿದು ಮಾಡುವ ಗಾಜನ್ನು ಅವಳು ಚೆನ್ನಾಗಿ ಬಲ್ಲಳು. ಅದು ಅವಳ ಬಲಗಣ್ಣಿನ ಗಾಜು. ಬರಿಗೈಯಲ್ಲಿ ಮೇಲೆ ಬಂದು ಏಣಿ ಹಿಡಿದು ಉಸಿರು ಬಿಟ್ಟಳು. ಮುದುಕ ಎದುರಿಗೆ ಕುಳಿತು ಜೋಡಿಸಿದ್ದು ಕಣ್ಣಿಗೆ ಕಟ್ಟಿತು. ಅವನ ಎಡಗೈ ಕಡೆಯದು ಅವಳ ಬಲಗಣ್ಣು. ಫ್ರೇಮನ್ನು ಮುಂದಿನಿಂದ ಹಿಡಿದು ಕೂರಿಸುವ ಕೈಗೆ ಅದು ಸರಿಯೇ. ಆದರೆ ಈ ಬಟ್ಟಲುಗಳ ಮೂಗಿನ ಪಟ್ಟಿ ಸಿಕ್ಕಿಸುವುದು ಒಳಗಿನಿಂದ. ಒಳಮುಖ ತನ್ನ ಕಡೆಗಿಟ್ಟುಕೊಂಡು, ಲೆಕ್ಕ ಮಾತ್ರ ಎದುರಿನವರದ್ದು ಹಿಡಿದಿದ್ದ. ಬಟ್ಟಲುಗಳೇ ಅದಲುಬದಲಾಗಿದ್ದವು.

"ಖಾಲಿ," ಎಂದರು ಸಾಹೇಬರು. ಬರೆದುಕೊಂಡರು. "ಕೊನೇದು, ಮೇಡಂ."

"ಒಂದ್ ನಿಮಿಷ ಸಾರ್."

ಗಾಗಲ್ಸ್ ಕಳಚಿದಳು. ಪಟ್ಟಿ ಬಿಚ್ಚಿ ಜೋಡಿಸಲು ಹೊತ್ತಿಲ್ಲ, ಒದ್ದೆ ಬೆರಳಿಗೆ ಅದು ಬಗ್ಗುವುದೂ ಇಲ್ಲ. ಮೇಲಿನದು ಕೆಳಗೆ ಬರುವ ಹಾಗೆ ಇಡೀ ಗಾಗಲ್ಸನ್ನೇ ತಿರುಗಿಸಿ ತಲೆಕೆಳಗಾಗಿ ಹಾಕಿಕೊಂಡಳು. ಮೂಗಿನ ಪಟ್ಟಿ ಹುಬ್ಬಿನ ನಡುವೆ ಒತ್ತಿತು. ಆದರೆ ಎದುರಿನ ಗೋಡೆಯ ಮೇಲೆ ಸಾಹೇಬರೇ ಅಂಟಿಸಿದ ನಿಯಮದ ಹಾಳೆ ಇತ್ತು. ಅದರ ಮೊದಲ ಸಾಲು ಓದಲು ಬಂತು.

"ಏನದು, ಉಲ್ಟಾ ಹಾಕ್ಕೊಂಡಿದೀರಾ?"

"ಉಲ್ಟಾ ಆಗಿದ್ದನ್ನ ಸರಿಯಾಗಿ ಹಾಕ್ಕೊಂಡೆ ಸಾರ್."

ಮೂರನೆಯ ಸಲ ಮುಳುಗಿದಾಗ ತಳ ತಳವಾಗಿಯೇ ಇತ್ತು. ಎರಡು, ಐದು, ಒಂದು, ಒಂಬತ್ತು, ಅದರಾಚೆ ಜಾಲರಿಯ ಪಕ್ಕದಲ್ಲಿ ಏಳು. ಬಲಬಟ್ಟಲಿನ ಸಂದಿಯಿಂದ ನೀರು ಹನಿಹನಿಯಾಗಿ ಒಳಬರುತ್ತಿತ್ತು. ಕೈ ಬಿಲ್ಲೆಗೆ ತಗಲುವಷ್ಟರಲ್ಲಿ ಅರ್ಧ ತುಂಬಿತ್ತು. ಹನ್ನೆರಡು ಎಣಿಸುವಾಗ ಮೇಲಿದ್ದಳು.

ಸಾಹೇಬರು ಬಿಲ್ಲೆ ಇಸಿದುಕೊಂಡು ನೋಡಿದರು. ಬರೆಯಲಿಲ್ಲ. "ಕನ್ನಡಕ ಯಾವಾಗಿಂದ?"

"ಐದನೇ ಕ್ಲಾಸಿಂದ."

"ನೀರೊಳಗೆ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿದಳು. "ಇವತ್ತಿಂದ ಸಾರ್."

"ಹಾಗಿದ್ರೆ ಹೋದ ವರ್ಷ..."

"ಅಂಕಿ ಕಾಣ್ಲಿಲ್ಲ. ಅದಕ್ಕೇ ಐದನ್ನೂ ತಂದೆ. ಆ ಮಗು ಮುಳುಗಿದ ದಿನಾನೂ ನೀವು ಟೋಪಿ ಅಂತ ಬರ್ಕೊಂಡ್ರಿ. ಎರಡು ಮಾರು ದೂರದಲ್ಲಿ ಮುಖ ಕಾಣೋ ಕಣ್ಣಿದ್ರೆ ಟೋಪಿ ಯಾವುದಾದ್ರೇನು ಸಾರ್?"

ಸಾಹೇಬರು ಪ್ಯಾಡನ್ನು ಕಂಕುಳಲ್ಲಿಟ್ಟುಕೊಂಡರು. "ಪಾಸ್ ಅಂತ ಬರೀತೀನಿ, ನನ್ನ ಕಣ್ಮುಂದೆ ತಂದಿದೀರಿ. ಇಂಥದ್ದೇ ಇನ್ನೊಂದು ಜೊತೆ ಆಫೀಸಲ್ಲಿರ್ಬೇಕು. ಹಾಕ್ಕೊಳ್ಳದೆ ನೀರಿಗಿಳಿದ್ರೆ ಅವತ್ತೇ ಕೆಲಸ ಹೋಯ್ತು ಅಂದ್ಕೊಳ್ಳಿ. ಆ ಮಗುವಿನ ತಾಯಿಗೆ ನೀವೇ ಹೇಳ್ಬೇಕು. ಅವರು ದೂರು ಕೊಟ್ರೆ ನಾನು ಅಡ್ಡ ಬರಲ್ಲ."

"ಬರಬೇಡಿ ಸಾರ್," ಎಂದಳು.

ಅಂಗಡಿಗೆ ಹೋದಾಗ ಮುದುಕ ಬಟ್ಟಲುಗಳನ್ನು ತಿರುಗಿಸಿ ಮುರುಗಿಸಿ ನೋಡಿ ತನ್ನ ಹಣೆ ತಾನೇ ಬಡಿದುಕೊಂಡ. "ನಲವತ್ತು ವರ್ಷ ಜನರ ಎದುರಿಗೆ ಕೂತೇ ಕೆಲಸ ಮಾಡಿದ್ದು ಮೇಡಂ. ನನಗೆ ನನ್ನ ಎಡ ಬಲಾನೇ ಮರ್ತುಹೋಗಿದೆ. ಊಟಕ್ಕೆ ಕೂತಾಗ ಯಾವ ಕೈ ಅಂತ ಹೆಂಡ್ತೀನ ಕೇಳ್ಬೇಕು!" ಬಿಚ್ಚಿ ಸರಿಯಾಗಿ ಜೋಡಿಸಿದ. ಈ ಸಲ ಅವಳ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು, ಅವಳು ನೋಡುವ ಕಡೆಗೇ ಮುಖ ಮಾಡಿ. ಬಲದ ಬಟ್ಟಲಿನ ಪಟ್ಟಿಯ ಮೇಲೆ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟ. ಅವಳು ಹಾಕಿಕೊಂಡು ಬಾಗಿಲಿಗೆ ಬಂದು ರಸ್ತೆಯಾಚೆಯ ಫಲಕವನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಎರಡನೆಯ ಜೊತೆ ತರಿಸಲು ಹೇಳಿದಳು.

ಸೋಮವಾರ ಸಂಜೆ ಮಗುವಿನ ತಾಯಿ ಬೇಗ ಬಂದಿದ್ದಳು. ಮಕ್ಕಳು ಬಟ್ಟೆ ಬದಲಿಸಿಕೊಳ್ಳುತ್ತಿದ್ದಾಗ ಪೀಪಿ ಮಿಸ್ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು. ಮುಚ್ಚುಮರೆಯಿಲ್ಲದೆ, ನಾಲ್ಕೇ ಮಾತಿನಲ್ಲಿ. ಟೋಪಿಯ ದೆಸೆಯಿಂದಲ್ಲ, ನನಗೆ ಕಾಣದ್ದರಿಂದ. ನಿಮ್ಮ ಮಗಳದ್ದೇನೂ ತಪ್ಪಿರಲಿಲ್ಲ.

ತಾಯಿಯ ಮುಖ ಸುಣ್ಣವಾಯಿತು. "ನಾನು ಅವಳ ಕಿವಿ ಹಿಂಡಿದ್ನಲ್ಲ ಮಿಸ್. ನೀವು ನೋಡ್ತಾ ನಿಂತಿದ್ರಿ."

"ಹೌದು."

"ಒಂದು ಮಾತು ಅನ್ಬೋದಿತ್ತು."

"ಅನ್ಬೇಕಿತ್ತು."

ತಾಯಿ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು. "ಈಗ ಕಾಣುತ್ತಾ?"

ಪೀಪಿ ಮಿಸ್ ಗಾಗಲ್ಸ್ ಹಾಕಿಕೊಂಡಳು. "ಅಲ್ಲಿ ಆರನೇ ಮೆಟ್ಟಿಲ ಮೇಲೆ ಕೂತಿರೋ ಅಜ್ಜಿಗೆ ಒಂದು ಕಿವೀಲಿ ಓಲೆ ಇಲ್ಲ."

ತಾಯಿ ತಿರುಗಿ ನೋಡಿದಳು. ಅಜ್ಜಿ ಓಲೆಗಾಗಿ ಸೀರೆಯ ಮಡಿಕೆಯೆಲ್ಲ ತಡಕುತ್ತಿದ್ದರು. ಅವಳಿಗೆ ನಗು ಬರಲಿಲ್ಲ. "ದೂರು ಕೊಡ್ಬೇಕೋ ಬೇಡ್ವೋ ನಂಗೆ ಈಗ ಗೊತ್ತಾಗ್ತಿಲ್ಲ. ಅವಳು ನೀರು ಬಿಡಲ್ಲ ಅಂತಾಳೆ, ಬೇರೆ ಕೊಳ ಹತ್ರದಲ್ಲಿಲ್ಲ. ಇವತ್ತಿಂದ ನಾನು ಮೆಟ್ಟಿಲ ಮೇಲೆ ಕೂರಲ್ಲ. ನೀರಿನ ಅಂಚಲ್ಲೇ ಕೂರ್ತೀನಿ. ಅಂಗಡಿ ಬೇಗ ಬಿಡ್ಸ್ಕೊಂಡು ಬರ್ತೀನಿ."

"ಕೂತ್ಕೊಳ್ಳಿ," ಎಂದಳು ಪೀಪಿ ಮಿಸ್.

ತಾಯಿ ಹೇಳಿದಂತೆಯೇ ಮಾಡಿದಳು. ಚಪ್ಪಲಿ ಬಿಟ್ಟು, ಪಾದವೆರಡನ್ನೂ ನೀರಿಗೆ ಇಳಿಬಿಟ್ಟು, ಮಗಳಿಂದ ಒಂದು ಮಾರು ದೂರದಲ್ಲಿ. ನೀರೊಳಗಿನಿಂದ ಪೀಪಿ ಮಿಸ್‌ಗೆ ಆ ಪಾದಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ದಿನವಿಡೀ ಕೌಂಟರಿನ ಹಿಂದೆ ನಿಂತು ಊದಿಕೊಂಡ ಪಾದ, ಹೆಬ್ಬೆರಳಲ್ಲಿ ಅರ್ಧ ಉದುರಿದ ಉಗುರುಬಣ್ಣ. ಮೊದಲ ವಾರವೆಲ್ಲ ಬೆರಳುಗಳು ಈಗಲೋ ಆಗಲೋ ಧುಮುಕುವ ಹಾಗೆ ಬಿಗಿದುಕೊಂಡಿರುತ್ತಿದ್ದವು.

ಮಗುವಿನ ಮುಖವೂ ಕಾಣುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿ, ಕೆನ್ನೆ ಉಬ್ಬಿಸಿ, ಯಾರೋ ಹೊಡೆಯುವು​ದಕ್ಕೆ ಬಂದಂತೆ ಹುಬ್ಬು ಗಂಟಿಕ್ಕಿ ಅದು ನೀರಿಗೆ ತಲೆ ಹಾಕುತ್ತಿತ್ತು. ಇಂಥ ಮುಖಗಳನ್ನು ಹದಿನಾಲ್ಕು ವರ್ಷದಲ್ಲಿ ಎಷ್ಟು ನೋಡದೆ ಬಿಟ್ಟಿದ್ದೇನೋ ಎಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಎದುರಿಗೆ ಮುಳುಗಿ ಕೂತು, ಅದು ಕಣ್ಣು ಬಿಡುವ ತನಕ ಕಾದಳು. ಬಿಟ್ಟಾಗ ಗುಳ್ಳೆ ಊದಿ ತೋರಿಸಿದಳು. ಮಗು ನಗಲು ಹೋಗಿ ನೀರು ಕುಡಿಯಿತು. ಮೇಲೆ ಬಂದು, "ಮಿಸ್, ನಿಮ್ಮ ಕಣ್ಣು ಮೀನಿನ ಥರ ಇದೆ" ಎಂದಿತು.

ಎರಡನೇ ವಾರ ಪಾದಗಳು ಸಡಿಲವಾಗಿ ತೂಗಾಡುತ್ತಿದ್ದವು. ಮೂರನೇ ವಾರ ಗುರುವಾರ ಮಗು ಕಂಬಿ ಬಿಟ್ಟು ಒಂದು ಮಾರು ಈಜಿ ಅವಳ ಭುಜ ಹಿಡಿದಾಗ, ಪೀಪಿ ಮಿಸ್ ನೀರೊಳಗಿನಿಂದ ಅಂಚಿನ ಕಡೆ ನೋಡಿದಳು. ಅಲ್ಲಿ ಪಾದಗಳಿರಲಿಲ್ಲ. ದೂರು ಬರೆಯಲು ಆಫೀಸಿಗೆ ಹೋದಳೇ ಎಂದುಕೊಂಡು, ಮಗುವನ್ನು ಎತ್ತಿಕೊಂಡೇ ತಟ್ಟನೆ ಮೇಲೆ ಬಂದಳು.

ತಾಯಿ ಮೂರನೇ ಮೆಟ್ಟಿಲ ಮೇಲೆ ಪಕ್ಕದ ಗೋಡೆಗೆ ಭುಜ ಆನಿಸಿ ಕುಳಿತಿದ್ದಳು. ಪಕ್ಕದವಳಿಗೆ ಕಿತ್ತಳೆ ಸುಲಿದು ಕೊಡುತ್ತ, ಅಂಗಡಿಗೆ ಬಂದ ಯಾವಳೋ ಗಿರಾಕಿ ಹದಿನೇಳು ಬಟ್ಟೆಗಳ ಮಡಿಕೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಹೋದ ಕಥೆ ಹೇಳುತ್ತಿದ್ದಳು. ಅವಳ ಬೆನ್ನು ನೀರಿನ ಕಡೆಗಿತ್ತು.

ಪೀಪಿ ಮಿಸ್ ಮಗುವನ್ನು ಕಂಬಿಗೆ ಹಿಡಿಸಿ, "ಇನ್ನೊಂದ್ಸಲ. ಈಗ ಎರಡು ಮಾರು" ಎಂದಳು.